ಊರಿಗೆ ಕಳುಹಿಸುವ ಮೊದಲು

ನಮ್ಮ ಸಂಘದ ಲೆಕ್ಕಪುಸ್ತಕವನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಸದಸ್ಯನೊಬ್ಬನು ತೀರಿಕೊಂಡರೆ ಶವವನ್ನು ಊರಿಗೆ ಸಾಗಿಸಲು ನಾವು ಹಣ ಕೊಡುತ್ತೇವೆ. ಉತ್ತರಕ್ರಿಯೆಗೆಂದು ಮನೆಯವರ ಕೈಗೆ ಒಂದಿಷ್ಟು ಕೊಡುತ್ತೇವೆ. ಸಂತಾಪಸಭೆ ಕರೆದು ಎರಡು ನಿಮಿಷ ಎದ್ದು ನಿಲ್ಲುತ್ತೇವೆ. ಇವೆಲ್ಲ ಒಳ್ಳೆಯವೇ, ನಿಲ್ಲಿಸಬೇಕೆಂದು ನಾನು ಹೇಳುವವನಲ್ಲ. ಆದರೆ ಅದೇ ಸದಸ್ಯನು ಸಾಯುವ ಮೊದಲು ಎರಡು ಮೂರು ತಿಂಗಳು ನೋವಿನಿಂದ ಹೊರಳಾಡಿದ್ದರೆ, ಆ ತಿಂಗಳುಗಳ ಬಾಬ್ತು ನಮ್ಮ ಪುಸ್ತಕದಲ್ಲಿ ಒಂದು ಕಾಸಿನ ಖರ್ಚೂ ಬರೆದಿಲ್ಲ. ಹೆಣಕ್ಕೆ ಇರುವ ನಿಧಿ ಮನುಷ್ಯನಿಗೆ ಇಲ್ಲ. ಹೀಗೆ ಬರೆದರೆ ಕೆಲವರಿಗೆ ಕಹಿಯಾದೀತು. ಆಗಲಿ, ಕಾರ್ಯಕಾರಿ ಸಮಿತಿಯಲ್ಲಿ ಏಳು ವರ್ಷ ಕುಳಿತ ನನ್ನ ಮೇಲೂ ಈ ಮಾತು ಬೀಳುತ್ತದೆ.

2019ರ ಮಾತು. ನಾನು ಗಲ್ಲೆಯಲ್ಲಿ ಕೂರುತ್ತಿದ್ದ ಹೋಟೆಲಿನಲ್ಲಿ ಒಬ್ಬರು ದೋಸೆ ಭಟ್ಟರಿದ್ದರು. ಕುಂದಾಪುರದ ಕಡೆಯವರು. ಹದಿನಾರನೆಯ ವಯಸ್ಸಿಗೆ ಗ್ಲಾಸು ತೊಳೆಯಲು ಬಂದವರು, ಕೊನೆಯ ಇಪ್ಪತ್ತೆಂಟು ವರ್ಷ ಕಾವಲಿಯ ಮುಂದೆಯೇ ನಿಂತವರು. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು, ನಿದ್ದೆ ತಡೆಯಬೇಕು; ಅದಕ್ಕೆ ಬಾಯಲ್ಲಿ ಸದಾ ಹೊಗೆಸೊಪ್ಪು. ದವಡೆಯಲ್ಲಿ ಒಂದು ಹುಣ್ಣಾಯಿತು. ಖಾರ ತಾಗಿದರೆ ಉರಿಯುತ್ತದೆ ಎಂದು ಆರು ತಿಂಗಳು ಬರೀ ಮೊಸರನ್ನ ತಿಂದು ಕೆಲಸ ಮಾಡಿದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಆಪರೇಶನ್ ಆಯಿತು, ಕರೆಂಟು ಕೊಟ್ಟದ್ದಾಯಿತು, ವರ್ಷ ತುಂಬುವುದರೊಳಗೆ ರೋಗ ಕೊರಳಿಗೆ ಇಳಿಯಿತು. ಡಾಕ್ಟರರು ಕಾಗದ ಮಡಚಿ ಕೈಗೆ ಕೊಟ್ಟು, ಇನ್ನು ಮಾಡುವುದೇನೂ ಉಳಿದಿಲ್ಲ, ಊರಿಗೆ ಕರೆದುಕೊಂಡು ಹೋಗಿ ಎಂದರು.

ನಾವು ಹಾಗೆಯೇ ಮಾಡಿದೆವು. ಅಡುಗೆಮನೆಯವರು, ಸಪ್ಲಾಯರುಗಳು, ಯಜಮಾನರು ಎಲ್ಲರೂ ಸೇರಿ ಹಣ ಕೂಡಿಸಿ ರಾತ್ರಿ ಬಸ್ಸಿನಲ್ಲಿ ಮಲಗಿಸಿ ಕಳುಹಿಸಿದೆವು. ದೊಡ್ಡ ಕೆಲಸ ಮಾಡಿದೆವು ಎಂಬ ಸಮಾಧಾನವೂ ನಮಗಿತ್ತು. ನವರಾತ್ರಿಗೆ ನಾನು ಊರಿಗೆ ಹೋದಾಗ ಅವರ ಮನೆಗೆ ಹೋದೆ. ಚಾವಡಿಯ ಮೂಲೆಯಲ್ಲಿ ಚಾಪೆ ಹಾಸಿ ಮಲಗಿಸಿದ್ದರು. ಕೊರಳಿನ ಗಾಯದ ವಾಸನೆಗೆ ನೆರೆಯವರು ಬರುವುದನ್ನು ಬಿಟ್ಟಿದ್ದರು. ಹೆಂಡತಿ ಕರ್ಪೂರ ಹಚ್ಚಿಟ್ಟುಕೊಂಡು ಕುಳಿತಿದ್ದಳು. ಔಷಧ ಎಂದರೆ ಪೇಟೆಯ ಅಂಗಡಿಯಿಂದ ತಂದ ಜ್ವರದ ಮಾತ್ರೆ. ಭಟ್ಟರು ನನ್ನನ್ನು ಗುರುತಿಸಿದರು. ಬಾಯಿ ಸರಿಯಾಗಿ ತೆರೆಯುತ್ತಿರಲಿಲ್ಲ. "ಸಾಯುಕ್ ಹೆದ್ರಿಕಿ ಇಲ್ಲೆ ಮಾರಾಯ, ಈ ನೋವ್ ತಡ್ಕಂಬುಕ್ ಆತಿಲ್ಲೆ" ಎಂದರು. ಇನ್ನೂ ಇಪ್ಪತ್ತು ದಿನ ಹಾಗೆಯೇ ಇದ್ದು ಹೋದರಂತೆ.

ಅವರನ್ನು ಬದುಕಿಸಲು ಆಗುತ್ತಿರಲಿಲ್ಲ. ಅದನ್ನು ನಾನು ಒಪ್ಪುತ್ತೇನೆ. ಆದರೆ "ಮಾಡುವುದೇನೂ ಉಳಿದಿಲ್ಲ" ಎಂಬ ಮಾತು ಸುಳ್ಳು. ಆ ನೋವಿಗೆ ಔಷಧವಿತ್ತು. ಆ ವಾಸನೆಗೂ ಇತ್ತು. ಹೊಟ್ಟೆ ಕೆಟ್ಟಾಗ ನಾವು ನುಂಗುವ ಮೆಟ್ರೋನಿಡಜೋಲ್ ಮಾತ್ರೆಯನ್ನೇ ಪುಡಿ ಮಾಡಿ ತೊಳೆದ ಗಾಯಕ್ಕೆ ಹಾಕಿ ಕಟ್ಟಲು ನರ್ಸುಗಳು ಹೇಳಿಕೊಡುತ್ತಾರೆ. ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಮಾತ್ರೆಯ ಬೆಲೆ ಒಂದು ಕಟಿಂಗ್ ಚಹದ ಬೆಲೆಯಷ್ಟೂ ಇಲ್ಲ. ಇದನ್ನು ಯಾರಾದರೂ ಆ ಹೆಂಗಸಿಗೆ ಹೇಳಿದ್ದರೆ ಗಂಡನ ಕೊನೆಯ ದಿನಗಳಲ್ಲಿ ಮನೆಗೆ ನಾಲ್ಕು ಜನ ಬಂದು ಮಾತಾಡಿಸಿ ಹೋಗುತ್ತಿದ್ದರು. ಆಸ್ಪತ್ರೆಯವರು ಹೇಳಲಿಲ್ಲ, ನಾವು ಕೇಳಲಿಲ್ಲ. ಕೇಳಬೇಕೆಂಬುದೇ ನಮಗೆ ಗೊತ್ತಿರಲಿಲ್ಲ.

ಈ ಆರೈಕೆಗೆ ಆಸ್ಪತ್ರೆಗಳಲ್ಲಿ ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ಕನ್ನಡದಲ್ಲಿ ಉಪಶಮನ ಆರೈಕೆ ಎಂದು ಕರೆಯುತ್ತಿದ್ದಾರೆ. ಹೆಸರು ನಮ್ಮ ಬಾಯಿಗೆ ಸ್ವಲ್ಪ ದೊಡ್ಡದಾಯಿತು, ಆದರೆ ವಿಷಯ ಸರಳವಾದದ್ದು. ರೋಗವನ್ನು ಕಳೆಯಲಾಗದಿದ್ದರೂ ರೋಗಿಯ ನರಳಾಟವನ್ನು ಕಳೆಯಬಹುದು. ಅದನ್ನು ಒಬ್ಬ ಡಾಕ್ಟರರಿಂದಲ್ಲ, ಒಂದು ತಂಡದಿಂದ ಮಾಡಬೇಕು. ಇದನ್ನು ಸಾಯುವ ವಾರಕ್ಕೆಂದು ಕಾಯ್ದಿಡಬೇಕಾಗಿಯೂ ಇಲ್ಲ. ಕ್ಯಾನ್ಸರ್ ಇರಲಿ, ಮೂತ್ರಪಿಂಡ ಕೆಟ್ಟಿರಲಿ, ಹತ್ತಿಯ ಧೂಳು ತಿಂದ ಶ್ವಾಸಕೋಶವಿರಲಿ, ಚಿಕಿತ್ಸೆ ನಡೆಯುತ್ತಿರುವಾಗಲೇ ಇದೂ ಜೊತೆಗೆ ನಡೆಯಬಹುದು.

ಈ ಪದ್ಧತಿಯ ಮೂಲದಲ್ಲಿ ನಮ್ಮಂಥ ಒಬ್ಬ ಹೋಟೆಲ್ ಕೆಲಸಗಾರನಿದ್ದಾನೆ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ಡೇವಿಡ್ ತಾಸ್ಮಾ ಎಂಬಾತ ಪೋಲೆಂಡಿನ ಯಹೂದಿ. ವಾರ್ಸಾದಿಂದ ಲಂಡನ್ನಿಗೆ ಬಂದು ಅಲ್ಲಿ ಮಾಣಿಯಾಗಿ ದುಡಿಯುತ್ತಿದ್ದ. ಹತ್ತಿರದ ಬಂಧುಗಳು ಯಾರೂ ಇಲ್ಲ. ಕ್ಯಾನ್ಸರ್ ಹಿಡಿದು 1948ರಲ್ಲಿ ಆಸ್ಪತ್ರೆಯಲ್ಲಿ ಸತ್ತ. ಆ ದಿನಗಳಲ್ಲಿ ಅವನ ಹಾಸಿಗೆಯ ಬಳಿ ಕುಳಿತು ಮಾತಾಡುತ್ತಿದ್ದವರು ಸಿಸಿಲಿ ಸಾಂಡರ್ಸ್ ಎಂಬ ಹೆಣ್ಣುಮಗಳು, ಆಸ್ಪತ್ರೆಯ ಸಮಾಜಕಾರ್ಯಕರ್ತೆ. ನಾನು ಭೂಮಿಯ ಮೇಲೆ ಏನೂ ಮಾಡದೆ ಹೋಗುತ್ತಿದ್ದೇನೆ ಎಂಬ ಕೊರಗು ಅವನಿಗೆ. ಸಾಯುವವರು ಸಮಾಧಾನದಿಂದ ಇರಬಹುದಾದ ಒಂದು ಮನೆ ಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಅವನು ತನ್ನ ಉಳಿತಾಯದ 500 ಪೌಂಡನ್ನು ಆಕೆಗೆ ಬಿಟ್ಟು, ನಿಮ್ಮ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಎಂಬರ್ಥದ ಮಾತು ಹೇಳಿ ಹೋದ. ಮನೆ ಎಲ್ಲಿದೆ? ಇನ್ನೂ ಇಟ್ಟಿಗೆಯನ್ನೂ ತಂದಿರಲಿಲ್ಲ. ಸಾಂಡರ್ಸ್ ಮೊದಲು ನರ್ಸು ಕೆಲಸ ಕಲಿತವರು, ಆಮೇಲೆ ಸಮಾಜಕಾರ್ಯ. ಈಗ ಮತ್ತೆ ಓದಲು ಕುಳಿತು 1957ರಲ್ಲಿ ಡಾಕ್ಟರೂ ಆದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಶ್ರಯಮಂದಿರ ತೆರೆಯಿತು. ಮಾಣಿಯ ಕಿಟಕಿಯ ಸುತ್ತ ಗೋಡೆ ಏಳಲು ಹತ್ತೊಂಬತ್ತು ವರ್ಷ ಹಿಡಿಯಿತು.

ನರ್ಸು, ಸಮಾಜಕಾರ್ಯಕರ್ತೆ, ಡಾಕ್ಟರು, ಈ ಮೂರೂ ಆಗಿದ್ದವರು ಬಹುಶಃ ಅವರೊಬ್ಬರೇ. ಹಾಗಿದ್ದೂ ಅವರು ಒಬ್ಬಂಟಿಯಾಗಿ ಕೆಲಸ ಹಿಡಿಯಲಿಲ್ಲ, ತಂಡ ಕಟ್ಟಿದರು. ಯಾಕೆಂದರೆ ನೋವು ಒಂದೇ ಕಡೆಯಿಂದ ಬರುವುದಿಲ್ಲ ಎಂದು ಅವರಿಗೆ ತಿಳಿದಿತ್ತು. ಅವರು ಅದನ್ನು ಸಮಗ್ರ ನೋವು ಎಂದು ಕರೆದರು. ದೇಹದ ನೋವು ಒಂದು. ಅದರ ಜೊತೆಗೆ ಹೆದರಿಕೆ, ಸಾಲ, ಮನೆಯವರ ಚಿಂತೆ, ದೇವರ ಮೇಲಿನ ಸಿಟ್ಟು, ಯಾರಿಗೂ ಬೇಡವಾದೆ ಎಂಬ ಭಾವ. ಇವೆಲ್ಲ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಊರಿಗೆ ಕಳುಹಿಸುವ ಮನಿಯಾರ್ಡರು ನಿಂತುಹೋದ ದಿನದಿಂದ ನಮ್ಮವರಿಗೆ ಬೆನ್ನುನೋವು ಹೆಚ್ಚಾಗುತ್ತದೆ. ನಗಬೇಡಿ, ಇದು ನಿಜ. (ಈಗ ಮನಿಯಾರ್ಡರು ಹೋಗಿ ಮೊಬೈಲಿನಲ್ಲಿ ಹಣ ಹೋಗುತ್ತದೆ, ಚಿಂತೆ ಮಾತ್ರ ಅದೇ.)

ಇದನ್ನು ನಾನು ಕಣ್ಣಾರೆ ಕಂಡದ್ದು 2022ರಲ್ಲಿ, ಪರೇಲಿನ ಒಂದು ಚಾಳಿನಲ್ಲಿ. ಕಲಬುರಗಿ ಕಡೆಯ ಹಿರಿಯರೊಬ್ಬರು, ನಮ್ಮ ಸಂಘದ ಹಳೆಯ ಸದಸ್ಯರು. ಲಾಲ್‌ಬಾಗಿನ ಮಿಲ್ಲಿನಲ್ಲಿ ನೂಲುವ ಖಾತೆಗೆ ಬದಲಿಯಾಗಿ ಸೇರಿದ್ದರು. 1982ರ ಮುಷ್ಕರದಲ್ಲಿ ಎಲ್ಲರ ಹಾಗೆ ಹೊರಗೆ ಬಂದವರು ಮತ್ತೆ ಒಳಗೆ ಹೋಗಲಿಲ್ಲ. ಉಳಿದ ಆಯುಷ್ಯ ಕಾವಲುಗಾರಿಕೆಯಲ್ಲಿ ಕಳೆಯಿತು. ಶ್ವಾಸಕೋಶದ ಕ್ಯಾನ್ಸರ್. ಅವರ ಪುಣ್ಯಕ್ಕೆ ಅವರನ್ನು ನೋಡುತ್ತಿದ್ದ ಆಸ್ಪತ್ರೆಯಲ್ಲಿ ಮನೆಭೇಟಿಯ ತಂಡವಿತ್ತು. ಒಂದು ದಿನ ಡಾಕ್ಟರಮ್ಮ, ಒಬ್ಬ ನರ್ಸು, ಒಬ್ಬ ಸಮಾಜಕಾರ್ಯಕರ್ತ ಮೂವರೂ ಆ ಹತ್ತು ಹನ್ನೆರಡಡಿಯ ಖೋಲಿಗೆ ಬಂದರು. ನಾನು ಅಲ್ಲಿಯೇ ಇದ್ದೆ. ಬಂದವರು ಮೊದಲು ನೆಲದ ಮೇಲೆ ಕುಳಿತರು. ನೋವು ಎಷ್ಟಿದೆ, ಸೊನ್ನೆಯಿಂದ ಹತ್ತರವರೆಗೆ ಅಳೆದು ಹೇಳಿ ಎಂದರು. ಒಂಬತ್ತು ಎಂದರು ಅಜ್ಜ. ರಾತ್ರಿ ನಿದ್ದೆ ಎಷ್ಟು, ಹೊಟ್ಟೆ ಹೋಗುತ್ತದೆಯೇ, ಉಸಿರು ಯಾವಾಗ ಕಟ್ಟುತ್ತದೆ ಎಂದೆಲ್ಲ ಕೇಳಿದರು. ಕೊನೆಗೆ, ನಿಮಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಯಾವುದು ಎಂದರು.

ಅಷ್ಟು ವರ್ಷದ ಒಡನಾಟದಲ್ಲಿ ನಾನು ಕೇಳದ ಪ್ರಶ್ನೆ ಅದು. ಅಜ್ಜ ಸುಮ್ಮನಾದರು. ಆಮೇಲೆ ತಲೆದಿಂಬಿನ ಅಡಿಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಮಿಲ್ ಕಾರ್ಮಿಕರಿಗೆ ಮ್ಹಾಡಾದವರು ಲಾಟರಿ ಎತ್ತಿ ಕೊಡುವ ಮನೆಗಾಗಿ ಹಾಕಿದ ಅರ್ಜಿ, ಹಳೆಯ ಮಿಲ್ಲಿನ ಗುರುತುಚೀಟಿ. ನಾನು ಸತ್ತರೆ ಇದು ಕಸ, ಇವಳಿಗೆ ಓದಲು ಬಾರದು ಎಂದು ಹೆಂಡತಿಯ ಕಡೆ ಕೈ ತೋರಿಸಿದರು. ಸಮಾಜಕಾರ್ಯಕರ್ತ ಆ ಕಾಗದಗಳ ಫೋಟೋ ತೆಗೆದುಕೊಂಡ. ಮುಂದಿನ ವಾರ ಬರುವಾಗ ವಾರಸುದಾರಳೆಂದು ಹೆಂಡತಿಯ ಹೆಸರು ನಿಲ್ಲಲು ಯಾವ ಯಾವ ಕಾಗದ ಬೇಕು, ಎಲ್ಲಿ ಕೊಡಬೇಕು ಎಂದು ವಿಚಾರಿಸಿಕೊಂಡು ಬಂದ. ಹೋಗಿ ಕೊಟ್ಟದ್ದು ನಮ್ಮ ಸಂಘದ ಒಬ್ಬ ಹುಡುಗ. ಅತ್ತ ಡಾಕ್ಟರಮ್ಮ ಮಾರ್ಫಿನ್ ಮಾತ್ರೆ ಆರಂಭಿಸಿದ್ದರು. ನರ್ಸು ಹೆಂಡತಿಗೆ ಮಗ್ಗುಲು ಬದಲಿಸುವುದನ್ನು ಕಲಿಸಿದ್ದಳು; ಉಸಿರು ಕಟ್ಟಿದಾಗ ಗಾಬರಿಯಾಗದೆ ದಿಂಬು ಒರಗಿಸಿ ಕೂರಿಸಿ, ಮುಖಕ್ಕೆ ನೇರವಾಗಿ ಸಣ್ಣ ಫ್ಯಾನು ತಿರುಗಿಸಿಡಿ ಎಂದಿದ್ದಳು. ಹತ್ತು ದಿನಕ್ಕೆ ಒಂಬತ್ತಿದ್ದ ನೋವು ಮೂರಕ್ಕೆ ಇಳಿಯಿತು. ಮಾತ್ರೆಯಿಂದ ಎಷ್ಟು ಇಳಿಯಿತು, ಪ್ಲಾಸ್ಟಿಕ್ ಚೀಲದ ಭಾರ ಇಳಿದದ್ದರಿಂದ ಎಷ್ಟು ಎಂದು ಬೇರೆ ಮಾಡಿ ಹೇಳಲು ಯಾರಿಂದಲೂ ಆಗದು. "ಅವ್ರು ಬಂದ್ ಹೋದ ಮ್ಯಾಲೆ ಇವ್ರು ರಾತ್ರಿ ನಿದ್ದಿ ಮಾಡ್ಲಿಕ್ಕೆ ಹತ್ತ್ಯಾರ ನೋಡ್ರಿ" ಎಂದರು ಆ ತಾಯಿ. ಅಜ್ಜ ಎರಡು ತಿಂಗಳ ನಂತರ ಅದೇ ಖೋಲಿಯಲ್ಲಿ ತೀರಿಕೊಂಡರು. ಕೊನೆಯ ವಾರದವರೆಗೂ ನಮ್ಮೊಡನೆ ಮಿಲ್ಲಿನ ಜಾಬರನ ಕಥೆ ಹೇಳಿ ನಗುತ್ತಿದ್ದರು.

ಒಬ್ಬರು ದೋಸೆ ಭಟ್ಟರು, ಒಬ್ಬರು ಬದಲಿ ಕಾರ್ಮಿಕರು. ಇಬ್ಬರಿಗೂ ವಾಸಿಯಾಗದ ರೋಗ, ಇಬ್ಬರೂ ಬಡವರು. ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ನಾವು ಯೋಚಿಸಬೇಡವೇ?

ತಂಡವೆಂದರೆ ಏನು ಎಂದು ಹೋಟೆಲಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಎಂಟರ ಗಿರಾಕಿ ಹೊತ್ತಿನಲ್ಲಿ ಭಟ್ಟರ ಕೈ ಎಷ್ಟು ಚುರುಕಾಗಿದ್ದರೇನು, ಪ್ಲೇಟು ತೊಳೆಯುವ ಹುಡುಗ ಬಾರದಿದ್ದರೆ ಹೋಟೆಲು ನಿಲ್ಲುತ್ತದೆ. ಆಸ್ಪತ್ರೆಯಲ್ಲಿಯೂ ದೊಡ್ಡ ಡಾಕ್ಟರರು ಬರೆದ ಚೀಟಿ ಎಷ್ಟೇ ಸರಿಯಿರಲಿ, ಮಲಗಿದವನನ್ನು ಎರಡೆರಡು ಗಂಟೆಗೆ ಹೊರಳಿಸುವ ಕೈ ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಪರೇಲಿನವರಿಗೆ ಇದಕ್ಕೊಂದು ಸಾಕ್ಷಿ ಕಣ್ಣೆದುರಿಗೇ ಇತ್ತು. ನಮ್ಮ ಉತ್ತರ ಕನ್ನಡದ ಹಳದೀಪುರದಿಂದ ಬಂದು ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗರು 1973ರಲ್ಲಿ ನಡೆದ ಕ್ರೂರ ಹಲ್ಲೆಯಿಂದ ಪ್ರಜ್ಞೆ ಕಳೆದುಕೊಂಡು, 2015ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಮಲಗಿದ್ದರು. ಅಷ್ಟೂ ವರ್ಷ ಅವರನ್ನು ನೋಡಿಕೊಂಡವರು ಅಲ್ಲಿನ ನರ್ಸುಗಳು, ಒಂದು ತಲೆಮಾರಿನವರು ನಿವೃತ್ತರಾದಂತೆ ಇನ್ನೊಂದು ತಲೆಮಾರಿನವರು. ಅವರಿಗೆ ಒಂದು ಹಾಸಿಗೆಹುಣ್ಣೂ ಆಗಿರಲಿಲ್ಲವೆಂಬುದನ್ನು 2011ರಲ್ಲಿ ಸುಪ್ರೀಂ ಕೋರ್ಟು ತೀರ್ಪಿನಲ್ಲಿಯೇ ದಾಖಲಿಸಿ, ನರ್ಸುಗಳನ್ನು ಹೊಗಳಿತು. ಅದು ಬೇರೆ ಬಗೆಯ ಪ್ರಸಂಗ. ಆದರೆ ಕೂಡಿ ಮಾಡುವ ಶುಶ್ರೂಷೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಮಾರ್ಫಿನ್ ವಿಷಯ. ಇದರ ಹೆಸರು ಕೇಳಿದರೆ ನಮ್ಮವರು ಬೆಚ್ಚುತ್ತಾರೆ. ಅಫೀಮಿನಿಂದ ಬಂದದ್ದು, ಚಟ ಹಿಡಿಯುತ್ತದೆ, ಬೇಗ ಸಾಯುತ್ತಾರೆ ಎಂಬ ಮಾತು. ನೋವಿರುವವನಿಗೆ ಡಾಕ್ಟರರು ಅಳತೆ ನೋಡಿ, ಸಣ್ಣ ಪ್ರಮಾಣದಿಂದ ಆರಂಭಿಸಿ, ನಾಲ್ಕು ಗಂಟೆಗೊಮ್ಮೆ ಬಾಯಿಂದ ಕೊಡುವ ಮಾತ್ರೆಯಿಂದ ಚಟ ಹತ್ತುವುದು ಬಹಳ ಅಪರೂಪ. ಸರಿಯಾಗಿ ಕೊಟ್ಟರೆ ಆಯುಷ್ಯವನ್ನೂ ಕಡಿಮೆ ಮಾಡದು. ಮಲಬದ್ಧತೆ ಮಾತ್ರ ಖಂಡಿತ ಆಗುತ್ತದೆ, ಆದುದರಿಂದ ಅದರ ಜೊತೆಗೆ ಹೊಟ್ಟೆ ಸಡಿಲಿಸುವ ಔಷಧವನ್ನೂ ಕೊಡಲೇಬೇಕು; ಬರೆದುಕೊಡದಿದ್ದರೆ ಕೇಳಿ ಬರೆಸಿಕೊಳ್ಳಿ. ನೋವು ಬಂದಮೇಲೆ ಕೊಡುವುದಲ್ಲ, ಗಡಿಯಾರ ನೋಡಿ ನೋವು ಬರುವ ಮೊದಲೇ ಕೊಡುವುದು ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಮೆಟ್ಟಿಲು ಮೆಟ್ಟಿಲಾಗಿ ವಿಧಾನ ಬರೆದು ಹಂಚಿತು. ನಮ್ಮ ದೇಶದ್ದು ವಿಚಿತ್ರ ಕಥೆ. ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಸರಕಾರದ ಪರವಾನಗಿಯಿಂದಲೇ ಅಫೀಮು ಬೆಳೆಯುತ್ತಾರೆ, ಹೊರದೇಶಗಳ ಔಷಧಕ್ಕೆಂದು ಕಳುಹಿಸುತ್ತಾ ಬಂದಿದ್ದಾರೆ. ಆದರೆ 1985ರ ಮಾದಕವಸ್ತು ಕಾನೂನು ಬಂದಮೇಲೆ ಒಂದು ಆಸ್ಪತ್ರೆ ಮಾರ್ಫಿನ್ ಇಟ್ಟುಕೊಳ್ಳಬೇಕಾದರೆ ಇಷ್ಟು ಪರವಾನಗಿ, ಅಷ್ಟು ಕಛೇರಿ ಎಂದಾಗಿ, ತಂಟೆಯೇ ಬೇಡವೆಂದು ಹೆಚ್ಚಿನವರು ಇಡುವುದನ್ನೇ ಬಿಟ್ಟರು. ಒಂದು ತಲೆಮಾರಿನ ಡಾಕ್ಟರರು ಅದನ್ನು ಕೊಡಲು ಕಲಿಯದೆಯೇ ಡಾಕ್ಟರರಾದರು. 2014ರಲ್ಲಿ ಪಾರ್ಲಿಮೆಂಟು ಆ ಕಾನೂನನ್ನು ತಿದ್ದಿ ದಾರಿ ಸುಲಭ ಮಾಡಿತು. ಕಾನೂನು ತಿದ್ದಿದಷ್ಟು ಬೇಗ ಹೆದರಿಕೆ ತಿದ್ದುವುದಿಲ್ಲ. ಲೋಕದಲ್ಲಿ ಈ ಆರೈಕೆ ಬೇಕಾದ ನೂರು ಜನರಲ್ಲಿ ಹದಿನಾಲ್ಕು ಮಂದಿಗೆ ಮಾತ್ರ ಅದು ಸಿಗುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಹಾಗಾದರೆ ಇದು ಶ್ರೀಮಂತರ ಸವಲತ್ತೇ? ಅಲ್ಲ. ನಮ್ಮ ಪಕ್ಕದ ಕೇರಳವನ್ನು ನೋಡಿ. ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು 1993ರಲ್ಲಿ ಒಂದು ಸಣ್ಣ ಸಂಘ ಕಟ್ಟಿ ನೋವಿನ ಕ್ಲಿನಿಕ್ಕು ಆರಂಭಿಸಿದರು. ಕೆಲವು ವರ್ಷಗಳಲ್ಲಿ ಅವರಿಗೆ ಒಂದು ವಿಷಯ ಹೊಳೆಯಿತು: ಕ್ಲಿನಿಕ್ಕಿಗೆ ಬರಲಾರದವರೇ ಹೆಚ್ಚು ನರಳುವವರು. ಆಗ ಊರೂರಿನ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟರು. ಅಂಗಡಿಯವರು, ಆಟೋ ಓಡಿಸುವವರು, ಕೂಲಿಗಳು, ವಿದ್ಯಾರ್ಥಿಗಳು, ಮನೆವಾರ್ತೆಯ ಹೆಂಗಸರು ತಮ್ಮ ನೆರೆಯ ರೋಗಿಯನ್ನು ವಾರಕ್ಕೊಮ್ಮೆ ನೋಡಿ ಬರುವುದು, ಮೈ ಒರೆಸುವುದು, ಕೇಳಿಸಿಕೊಳ್ಳುವುದು, ಔಷಧ ಮುಗಿದಿದೆಯೇ ನೋಡುವುದು, ಬೇಕಾದರೆ ನರ್ಸನ್ನು ಕರೆಸುವುದು. ಹಣ ದೊಡ್ಡ ದಾನಿಗಳಿಂದ ಬಂದದ್ದಕ್ಕಿಂತ ಸಣ್ಣ ಸಣ್ಣ ಕೈಗಳಿಂದ ಬಂತು. ಮಲಪ್ಪುರಂ ಜಿಲ್ಲೆಯಲ್ಲಿ ಇದು ಹಳ್ಳಿ ಹಳ್ಳಿಗೆ ಹಬ್ಬಿತು. 2008ರಲ್ಲಿ ಕೇರಳ ಸರಕಾರ ಇದನ್ನು ತನ್ನ ನೀತಿಯಾಗಿ ಒಪ್ಪಿ ಘೋಷಿಸಿತು. ಕೂಲಿ ಮಾಡುವವನು ಇನ್ನೊಬ್ಬ ಕೂಲಿಯವನ ಹಾಸಿಗೆಯ ಬಳಿ ಕೂರಬಲ್ಲನಾದರೆ, ರಾತ್ರಿ ಶಾಲೆ ಕಟ್ಟಿದ, ಭಜನಾ ಮಂಡಳಿ ಕಟ್ಟಿದ, ಯಕ್ಷಗಾನ ಮೇಳ ಕರೆಸಿ ಬೆಳಗಿನವರೆಗೆ ಆಡಿಸುವ ಮುಂಬಯಿಯ ಕನ್ನಡಿಗರಿಗೆ ಇದು ಆಗದೇ?

ಮುಂಬಯಿಯಲ್ಲಿ ಬಾಗಿಲುಗಳು ಇಲ್ಲವೆಂದಲ್ಲ. ದೇಶದಲ್ಲಿಯೇ ಮೊದಲ ಇಂಥ ಆಶ್ರಯಮಂದಿರ, ಶಾಂತಿ ಆವೇದನಾ ಸದನ, 1986ರಲ್ಲಿ ಬಾಂದ್ರಾದಲ್ಲಿ ಆರಂಭವಾಯಿತು. ಕ್ಯಾನ್ಸರ್ ಶಸ್ತ್ರವೈದ್ಯರಾದ ಡಾ. ಎಲ್. ಜೆ. ಡಿಸೋಜಾ ಅದರ ಸ್ಥಾಪಕರು. ಜಾತಿ ಮತ ಕೇಳುವುದಿಲ್ಲ, ಹಣ ಕೇಳುವುದಿಲ್ಲ. ಪರೇಲಿನ ಟಾಟಾ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗವಿದೆ, ಮನೆಗೆ ಹೋಗುವ ತಂಡವೂ ಇದೆ. ಊರಿನ ಕಡೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ವಿಭಾಗವಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಇದೆ, ಒಂದು ರೂಪಾಯಿಯನ್ನೂ ತೆಗೆದುಕೊಳ್ಳದೆ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಕರುಣಾಶ್ರಯವಿದೆ. ಬಾಗಿಲುಗಳಿವೆ, ನಮ್ಮವನನ್ನು ಆ ಬಾಗಿಲಿಗೆ ಮುಟ್ಟಿಸುವವರಿಲ್ಲ.

ಈಗ ನಮ್ಮವರದೇ ಒಂದು ಕಷ್ಟವನ್ನು ಹೇಳಬೇಕು. ಮನೆಭೇಟಿಯ ತಂಡ ಬರುತ್ತದೆ, ಸರಿ. ಯಾವ ಮನೆಗೆ ಬರಬೇಕು? ನಮ್ಮ ಹೋಟೆಲ್ ಹುಡುಗರಲ್ಲಿ ಎಷ್ಟೋ ಮಂದಿಗೆ ಈ ಊರಿನಲ್ಲಿ ಮನೆಯೇ ಇಲ್ಲ. ಹೋಟೆಲಿನ ಮಾಳಿಗೆಯಲ್ಲಿ, ಬೆಂಚು ಜೋಡಿಸಿ, ಎಂಟು ಜನರ ಖೋಲಿಯಲ್ಲಿ ಪಾಳಿಯಿಂದ ಮಲಗುವವರು. ಆರೋಗ್ಯವಿದ್ದಾಗ ಅದೇ ಸಾಕು. ಕಾಯಿಲೆ ಬಿದ್ದವನಿಗೆ ಅಲ್ಲಿ ಹಗಲು ಮಲಗಲು ಜಾಗವಿಲ್ಲ. ಹೀಗಾಗಿಯೇ ನಾವು ಅವನನ್ನು ತುರ್ತಾಗಿ ಬಸ್ಸು ಹತ್ತಿಸುತ್ತೇವೆ. ಅದನ್ನು ಪ್ರೀತಿ ಎಂದು ಕರೆದುಕೊಳ್ಳುತ್ತೇವೆ. ಅರ್ಧ ಪ್ರೀತಿ, ಅರ್ಧ ಜಾಗದ ಅಡಚಣೆ. ಊರಿನಲ್ಲಿ, ತನ್ನ ಮನೆಯ ಚಾವಡಿಯಲ್ಲಿ, ತನ್ನ ದೈವದ ಗುಡಿ ಕಾಣುವ ಕಡೆ ಪ್ರಾಣ ಬಿಡಬೇಕೆಂಬ ಆಸೆ ದೊಡ್ಡದು. ಅದಕ್ಕೆ ನಾನು ಅಡ್ಡ ಬರುವವನಲ್ಲ. ಆದರೆ ಅವನು ಹೋಗಲು ಬಯಸುವುದು ಬೇರೆ, ನಾವು ಕಳುಹಿಸಿಬಿಡುವುದು ಬೇರೆ. ಕೆಲವರಿಗೆ ಊರಿನಲ್ಲಿ ಯಾರೂ ಉಳಿದಿರುವುದಿಲ್ಲ ಎಂಬುದನ್ನೂ ನಾವು ಕೇಳುವುದಿಲ್ಲ.

ಇನ್ನೊಂದು ನಮ್ಮ ದುರಭ್ಯಾಸ, ರೋಗಿಗೆ ನಿಜ ಹೇಳದಿರುವುದು. ಅಲ್ಸರು ಎಂದು ಹೇಳಿಬಿಡುತ್ತೇವೆ. ಅವನಿಗೂ ಗೊತ್ತು, ನಮಗೂ ಗೊತ್ತು. ಎದುರುಬದುರು ಕುಳಿತು ಇಬ್ಬರೂ ನಾಟಕವಾಡುತ್ತೇವೆ. ತರಬೇತಾದವರು ಥಟ್ಟನೆ ಹೇಳುವುದೂ ಇಲ್ಲ, ಮುಚ್ಚುವುದೂ ಇಲ್ಲ. ನಿಮಗೆ ಎಷ್ಟು ತಿಳಿದಿದೆ, ಇನ್ನೂ ತಿಳಿಯಬೇಕೆನ್ನಿಸುತ್ತದೆಯೇ ಎಂದು ಕೇಳಿ, ಅವನು ಕೇಳಿದಷ್ಟನ್ನು ಹೇಳುತ್ತಾರೆ. ಹೇಳದಿದ್ದರೆ ಅವನು ಜಮೀನಿನ ಕಾಗದ ಯಾರಿಗೆ ಕೊಡಬೇಕು, ಮುನಿಸಿಕೊಂಡ ತಮ್ಮನನ್ನು ಯಾವಾಗ ಕರೆಸಬೇಕು? ಹಾಗೆಯೇ ಕೊನೆಯ ದಿನಗಳಲ್ಲಿ ಹಸಿವು ತಾನಾಗಿ ಇಂಗುತ್ತದೆ. ಆಗ ಬಾಯಿಗೆ ಗಂಜಿ ತುರುಕುವುದು ಉಪಚಾರವಲ್ಲ. ಅದು ಶ್ವಾಸನಾಳಕ್ಕೆ ಹೋಗಿ ಕಷ್ಟವಾಗುತ್ತದೆ. ತುಟಿ ಬಾಯಿ ಒದ್ದೆ ಮಾಡುತ್ತಿದ್ದರೆ ಸಾಕು. ನಮ್ಮ ತಾಯಂದಿರಿಗೆ ಈ ಮಾತನ್ನು ಪ್ರೀತಿಯಿಂದ ಹೇಳುವವರು ಬೇಕು, ಯಾಕೆಂದರೆ ಉಣ್ಣಿಸದೆ ಕಳುಹಿಸಿದೆ ಎಂಬ ಕೊರಗು ಅವರನ್ನು ವರ್ಷಗಟ್ಟಲೆ ತಿನ್ನುತ್ತದೆ.

ಕೆಲವರು ಇದು ಮೆಲ್ಲಗೆ ಸಾಯಿಸುವ ಉಪಾಯವೆಂದು ಗುಸುಗುಸು ಮಾಡುತ್ತಾರೆ. ಅದು ತಪ್ಪು. ವಾಸಿಯಾಗುವ ಆಸೆಯಿಲ್ಲದಾಗ ನನಗೆ ಯಂತ್ರದ ಉಸಿರು ಬೇಡವೆಂದು ಮುಂಚೆಯೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿ, 2023ರಲ್ಲಿ ಅದರ ಕ್ರಮವನ್ನು ಸುಲಭಗೊಳಿಸಿದ್ದು ನಿಜ. ಅದು ಬೇರೆ ಮಾತು, ಬೇರೊಂದು ಸಂಚಿಕೆಯಲ್ಲಿ ಬರೆಯಬೇಕಾದದ್ದು. ಇಲ್ಲಿ ಯಾರೂ ಸಾವನ್ನು ಕರೆಯುವುದಿಲ್ಲ, ಓಡಿಸಿಬಿಟ್ಟೆವು ಎಂದೂ ಹೇಳುವುದಿಲ್ಲ.

ಆದುದರಿಂದ ಮುಂದಿನ ಮಹಾಸಭೆಯ ಎದುರು ನಾನು ಒಂದು ಸೂಚನೆಯನ್ನು ತರುವವನಿದ್ದೇನೆ. ಮರಣನಿಧಿಯ ನಿಯಮವನ್ನು ತಿದ್ದಿ, ವಾಸಿಯಾಗದ ರೋಗವೆಂದು ಡಾಕ್ಟರರು ಬರೆದುಕೊಟ್ಟ ಸದಸ್ಯನಿಗೆ ಅದರ ಅರ್ಧವನ್ನು ಅವನು ಜೀವಂತ ಇರುವಾಗಲೇ ಕೊಡಬೇಕು. ಪರೇಲಿನ ಹತ್ತಿರ ಸಂಘದ ಹೆಸರಿನಲ್ಲಿ ಒಂದು ಖೋಲಿಯನ್ನು ಬಾಡಿಗೆಗೆ ಹಿಡಿಯಬೇಕು. ಮನೆಯಿಲ್ಲದವನು ಮಲಗಲು, ಊರಿನಿಂದ ಬಂದ ಹೆಂಡತಿ ಗಂಜಿ ಬೇಯಿಸಲು, ತಂಡದವರು ಬಂದು ಕೂರಲು. ಹಣವೆಲ್ಲಿ ಎಂದು ಖಜಾಂಚಿಯವರು ಕೇಳುತ್ತಾರೆ. ವಾರ್ಷಿಕೋತ್ಸವದ ಪೆಂಡಾಲು, ಶಾಲು, ಹಾರ, ನೆನಪಿನ ಕಾಣಿಕೆ ಇವುಗಳ ಪಟ್ಟಿಯನ್ನು ನಾನು ಅವರ ಎದುರು ಇಡುತ್ತೇನೆ. ಒಂದು ವರ್ಷ ಹಾರವಿಲ್ಲದೆ ಸನ್ಮಾನ ಮಾಡಿದರೆ ಸನ್ಮಾನಿತರ ಕೊರಳೇನೂ ಬಾಗುವುದಿಲ್ಲ. ಯಜಮಾನರುಗಳನ್ನೂ ಕೇಳಬೇಕು; ಅದಕ್ಕಿಂತ ಮೊದಲು ಕೆಲಸಗಾರರ ಹೆಸರನ್ನು ಇ.ಎಸ್.ಐ.ಗೆ ಸೇರಿಸಿದ್ದೀರಾ ಎಂದು ಕೇಳಬೇಕು. ಹೆಸರು ಸೇರಿದ್ದು ವಂತಿಗೆಯ ಶರತ್ತು ತುಂಬಿದವನಿಗೆ ಕ್ಯಾನ್ಸರಿನಂಥ ದೀರ್ಘರೋಗದಲ್ಲಿ ಸಂಬಳದ ನೂರಕ್ಕೆ ಎಂಬತ್ತರಂತೆ ಎರಡು ವರ್ಷದವರೆಗೂ ಭತ್ಯೆಯ ಅವಕಾಶವಿದೆ. ನಮ್ಮ ಭಟ್ಟರ ಹೆಸರು ಸೇರಿರಲಿಲ್ಲ. ಗಲ್ಲೆಯಲ್ಲಿ ಕುಳಿತಿದ್ದ ನನಗೆ ಅದು ಗೊತ್ತಿತ್ತು, ನಾನು ಬಾಯಿ ಬಿಡಲಿಲ್ಲ.

ಊರಿಗೆ ಹೋಗುವವನನ್ನು ಬರಿಗೈಯಲ್ಲಿ ಬಸ್ಸು ಹತ್ತಿಸಬಾರದು. ಅವನ ಎಲ್ಲ ಕಾಗದಗಳ ನಕಲು, ಸಾಕಷ್ಟು ದಿನದ ಔಷಧ, ಯಾವ ಔಷಧ ಎಷ್ಟು ಹೊತ್ತಿಗೆ ಎಂದು ಕನ್ನಡದಲ್ಲಿ ಬರೆದ ಚೀಟಿ, ಊರಿಗೆ ಹತ್ತಿರದ ಉಪಶಮನ ವಿಭಾಗದ ಫೋನು, ಅಲ್ಲಿಯ ಡಾಕ್ಟರರಿಗೆ ಇಲ್ಲಿಯ ಡಾಕ್ಟರರ ಪತ್ರ. ಇಷ್ಟನ್ನು ಸಂಘದ ಒಬ್ಬ ಮನುಷ್ಯ ಒಂದು ದಿನ ಆಸ್ಪತ್ರೆಯಲ್ಲಿ ನಿಂತು ಮಾಡಿಸಬಹುದು. ಅದಕ್ಕೆ ಓದು ಬೇಕಾಗಿಲ್ಲ, ಸಾಲಿನಲ್ಲಿ ನಿಲ್ಲುವ ತಾಳ್ಮೆ ಬೇಕು.

ಮೊದಲಿಗೆ ಹತ್ತು ಜನ ಸಾಕು. ಹೋಟೆಲಿನವರಿಗೆ ಮಧ್ಯಾಹ್ನ ಮೂರರಿಂದ ಐದರವರೆಗೆ ಬಿಡುವಿರುತ್ತದೆ; ನಿವೃತ್ತ ಮಿಲ್ಲಿನವರಿಗೆ ಇಡೀ ದಿನವಿದೆ. ಹೆಂಗಸರೂ ಬರಬೇಕು. ತರಬೇತಿ ಎಲ್ಲಿ, ಹೇಗೆ ಎಂಬುದನ್ನು ಆಸ್ಪತ್ರೆಯವರನ್ನು ಕೇಳಿ ಗೊತ್ತುಮಾಡಿಕೊಳ್ಳುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಭಾನುವಾರ ಸಂಜೆ ಐದರ ಮೊದಲು ಸಂಘದ ಕಛೇರಿಯಲ್ಲಿ ಇರುತ್ತೇನೆ, ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇನೆ. ಇದುವರೆಗೆ ಮೂರು ಹೆಸರು ಬಂದಿದೆ. ಒಂದು ಪ್ಲೇಟು ತೊಳೆಯುವ ಹುಡುಗನದು, ಇನ್ನೊಂದು ಚಾಳಿನ ಆ ಅಜ್ಜನ ಹೆಂಡತಿಯದು. ಆಕೆ ಹೆಬ್ಬೆಟ್ಟು ಒತ್ತಿದ್ದಾರೆ. ಮೂರನೆಯದು ನನ್ನದು.